ಹೆಗಲಿಗೆ ಸೂಜಿ ಪ್ಯಾಕೇಜ್: ದುಡ್ಡು ಕಟ್ಟುವ ಮುಂಚೆ ಡಿಗ್ರಿ ಅಳೆಸಿಕೊಳ್ಳಿ

ನನಗಿರುವುದು ಫ್ರೋಜನ್ ಶೋಲ್ಡರ್, ಅಂದರೆ ಹೆಗಲ ಕೀಲು ಬಿಗಿದುಕೊಳ್ಳುವ ತೊಂದರೆ. ಹೈಡ್ರೋಡೈಲಟೇಶನ್ (ಕೀಲೊಳಗೆ ದ್ರವ ತುಂಬಿ ಹಿಗ್ಗಿಸುವ ಚಿಕಿತ್ಸೆ) ಆದ ವಾರ ಕೈ ಹೊರಗಡೆಗೆ 40 ಡಿಗ್ರಿ ತಿರುಗುತ್ತಿತ್ತು. ಆಮೇಲೆ ಡ್ರೈ ನೀಡ್ಲಿಂಗ್, ಅಂದರೆ ಸ್ನಾಯುವಿಗೆ ಬರೀ ಸೂಜಿ ಚುಚ್ಚುವ ಚಿಕಿತ್ಸೆ. ಅದರ ಆರು ಸಿಟ್ಟಿಂಗ್ ಮುಗಿದ ಮೇಲೆ 25. ಹೆಚ್ಚಾಗಿದ್ದಲ್ಲ, ಕಮ್ಮಿಯಾಗಿದ್ದು! ಅದೂ ಹತ್ತು ಸಿಟ್ಟಿಂಗ್‌ನ ದುಡ್ಡು ಮುಂಗಡ ಕಟ್ಟಿಸಿಕೊಂಡು.

ಫ್ರೋಜನ್ ಶೋಲ್ಡರ್‌ನಲ್ಲಿ ದಪ್ಪಗಾಗಿ ಬಿಗಿದುಕೊಳ್ಳುವುದು ಕೀಲಿನ ಸುತ್ತಲ ಚೀಲ, ಅಂದರೆ ಕ್ಯಾಪ್ಸೂಲ್. ಸಲೈನ್, ಸ್ಟೀರಾಯ್ಡ್, ಮರಗಟ್ಟಿಸುವ ಔಷಧ ತುಂಬಿ ಅದನ್ನು ಹಿಗ್ಗಿಸುತ್ತಾರೆ. ಹಿಗ್ಗಿದ್ದು ಮತ್ತೆ ಕುಗ್ಗದ ಹಾಗೆ ಉಳಿಸಿಕೊಳ್ಳಬೇಕಾದದ್ದು ದಿನಾ ಮಾಡುವ ಸ್ಟ್ರೆಚಿಂಗ್‌ನಿಂದ. ಡ್ರೈ ನೀಡ್ಲಿಂಗ್‌ನ ಸೂಜಿ 0.25–0.30 ಮಿ.ಮೀ. ದಪ್ಪದ್ದು, ಅದರಲ್ಲಿ ಔಷಧ ಇರುವುದಿಲ್ಲ. ಚುಚ್ಚುವುದು ಸ್ನಾಯುವಿನ ಗಂಟಿಗೆ. ಚೀಲವನ್ನು ಅದು ಬಿಡಿಸುವುದಿಲ್ಲ. ಬಿಡಿಸುವುದೇ ಇಲ್ಲ.

ಸೂಜಿ ಹಾಕಿದವರು ಹೇಳಿದ್ದೇನು? “ಸೂಜಿ ಹಾಕಿದ ಮೇಲೆ ಎರಡು ದಿನ ಕೈಗೆ ಪೂರ್ತಿ ರೆಸ್ಟ್ ಕೊಡಿ.” ವಾರಕ್ಕೆ ಎರಡು ಸಿಟ್ಟಿಂಗ್. ಲೆಕ್ಕ ಹಾಕಿ, ವಾರದಲ್ಲಿ ನಾಲ್ಕು ದಿನ ಕೀಲು ಅಲ್ಲಾಡಲಿಲ್ಲ. ಸೂಜಿಯ ನೋವು ಒಂದೆರಡು ದಿನ ಇರುವುದು ಮಾಮೂಲು, ಆದರೆ ಅದಕ್ಕಾಗಿ ಸ್ಟ್ರೆಚಿಂಗ್ ನಿಲ್ಲಿಸುವಂತಿಲ್ಲ. ಸ್ನಾಯು ಸಡಿಲವಾದ ಆ ಹೊತ್ತಿನಲ್ಲೇ ಕೋಲು ಹಿಡಿದು ಕೈ ಹೊರಗೆ ತಿರುಗಿಸುವುದು, ಪುಲ್ಲಿ ಎಳೆಯುವುದು, ಬೆರಳುಗಳನ್ನು ಗೋಡೆ ಹತ್ತಿಸುವುದು ಎಲ್ಲ ಮಾಡಿಸಬೇಕು. ಅದಕ್ಕೇ ಅಲ್ಲವೇ ಸೂಜಿ ಹಾಕುವುದು!

ಇನ್ನು ಅವರು ತೆಗೆದ ‘ಮುಂಚೆ–ಆಮೇಲೆ’ ಫೋಟೋ. ನೆನೆದರೆ ಮೈ ಉರಿಯುತ್ತದೆ. ಸೂಜಿಗೆ ಮುಂಚಿನ ಫೋಟೋದಲ್ಲಿ ನನ್ನ ಹೆಗಲ ಮೇಲೆ ತಮ್ಮ ಕೈ ಒತ್ತಿ “ಈಗ ಎತ್ತಿ” ಅಂದರು. ಆದ ಮೇಲೆ ಕೈ ತೆಗೆದು “ಈಗ ಎತ್ತಿ” ಅಂದರು. ಭುಜದ ಹಲಗೆ ಎದ್ದಿತು, ಮೈ ವಾಲಿತು, ಕೈ ಮೇಲೆ ಹೋಯಿತು. “ನೋಡಿದ್ರಾ, ಒಂದೇ ಸಿಟ್ಟಿಂಗ್‌ಗೆ!” ಕೈ ಎತ್ತುವುದರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಆ ಹಲಗೆಯದು. ಇದು ಗೊತ್ತಿದ್ದೂ ಫೋಟೋ ನೋಡಿ ತಲೆಯಾಡಿಸಿದ್ದಕ್ಕೆ ನಾಚಿಕೆಯಾಗುತ್ತದೆ. ಅಳೆಯಬೇಕಾದದ್ದು ಹೀಗೆ: ಅಂಗಾತ ಮಲಗಿಸಿ, ಮೊಣಕೈ 90 ಡಿಗ್ರಿ ಮಡಿಸಿ ಪಕ್ಕೆಗೆ ಒತ್ತಿಟ್ಟು, ಮುಂಗೈಯನ್ನು ಬೇರೆಯವರು ಹೊರಗೆ ತಿರುಗಿಸಿ, ಗೋನಿಯೋಮೀಟರ್ (ಕೋನ ಅಳೆಯುವ ಸಾಧನ) ಇಟ್ಟು. ಆಸ್ಪತ್ರೆಯಲ್ಲಿ ಹೀಗೆ ಅಳೆದಾಗಲೇ ಆ 25 ಬಯಲಾಗಿದ್ದು.

ಕೇಳಿದ್ದಕ್ಕೆ “ಡಿಗ್ರಿ ಬಿಡಿ, ನೋವು ಕಮ್ಮಿಯಾಗಿದೆಯೋ ಇಲ್ವೋ ಹೇಳಿ” ಅಂದರು. ಸ್ವಾಮಿ, ಕೀಲೊಳಗೆ ಸ್ಟೀರಾಯ್ಡ್ ಹೋಗಿದೆ, ನೋವು ಕಮ್ಮಿಯಾಗದೆ ಇನ್ನೇನು? ಆಮೇಲೆ “ಎಲ್ಲರ ಬಾಡಿ ಒಂದೇ ಥರ ಇರಲ್ಲ.” ಆಮೇಲೆ “ನಾಲ್ಕು ಬಾಕಿ ಇದೆಯಲ್ಲ, ಮುಗಿಯಲಿ.”

ಇದಕ್ಕಿಂತ ಭಯದ ಸಂಗತಿ ಒಂದಿದೆ. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಟ್ರೆಪಿಜಿಯಸ್ ಸ್ನಾಯುವಿಗೆ ಕುರ್ಚಿಯಲ್ಲಿ ಕೂರಿಸಿಯೇ, ನೇರ ಕೆಳಮುಖವಾಗಿ ಚುಚ್ಚಿದರು. ಅದರ ಕೆಳಗಿರುವುದು ಶ್ವಾಸಕೋಶದ ತುದಿ. ಮಲಗಿಸಿ, ಸ್ನಾಯುವನ್ನು ಬೆರಳುಗಳ ನಡುವೆ ಹಿಡಿದೆತ್ತಿ ಚುಚ್ಚಬೇಕು. ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತು. ಎದೆನೋವು, ಏದುಸಿರು, ಒಣಕೆಮ್ಮು ಕೆಲವು ಗಂಟೆ ಬಿಟ್ಟೂ ಬರಬಹುದು, ಬಂದರೆ ಸೀದಾ ತುರ್ತು ಚಿಕಿತ್ಸೆಗೆ ಹೋಗಿ, ಸೂಜಿ ಹಾಕಿದವರಿಗೆ ಫೋನ್ ಮಾಡುತ್ತಾ ಕೂರಬೇಡಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತೀರಾ, ಶುಗರ್ ಇದೆಯಾ ಅಂತಲೂ ಅವರು ಕೇಳಲಿಲ್ಲ. ಶುಗರ್ ಇರುವವರಿಗೇ ಫ್ರೋಜನ್ ಶೋಲ್ಡರ್ ಹೆಚ್ಚು, ಸ್ಟೀರಾಯ್ಡ್ ಆದ ಮೇಲೆ ಕೆಲವು ದಿನ ಶುಗರ್ ಏರುತ್ತದೆ ಬೇರೆ.

ಸೂಜಿಯೇ ದಂಡ ಅನ್ನುತ್ತಿಲ್ಲ. ತಿಂಗಳುಗಟ್ಟಲೆ ಬಿಗಿಹಿಡಿದ ಸ್ನಾಯುವಿನ ನೋವು ಇಳಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಟ್ಟರೆ ಸರಿ. ಸಿಟ್ಟಿಂಗ್ ಒಂದೊಂದಕ್ಕೇ ದುಡ್ಡು ಕೊಡಿ. ಪ್ರತಿ ಸಲ ಡಿಗ್ರಿ ಬರೆಸಿಕೊಳ್ಳಿ. ಸೂಜಿಯ ಪೊಟ್ಟಣ ಕಣ್ಣೆದುರೇ ಒಡೆಯಲಿ.

ಉಳಿದ ನಾಲ್ಕರ ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ: “ವಾಪಸ್ ಕೊಡಲ್ಲ. ಬೇಕಾದ್ರೆ ಮನೆಯವರನ್ನ ಕರ್ಕೊಂಡು ಬನ್ನಿ, ಅವರ ಸೊಂಟಕ್ಕೆ ಹಾಕೋಣ.”