ನೆರಳು ಬೀಳುವ ತಾರಸಿಗೆ ಸೋಲಾರ್ ಆಪ್ಟಿಮೈಸರ್: ನನ್ನ ಅನುಭವ

ವಿಜಯನಗರದ ನಮ್ಮ 30-40 ಸೈಟಿನ ತಾರಸಿ ಮೇಲೆ 540 ವ್ಯಾಟ್‌ನ ಆರು ಪ್ಯಾನೆಲ್ ಇವೆ. ಒಂದೇ ಸಾಲು, ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ಒಂದೇ ಇನ್ವರ್ಟರ್, ಕೊಟ್ಟ ಕರೆಂಟು ತಗೊಂಡ ಕರೆಂಟು ಎರಡನ್ನೂ ಲೆಕ್ಕ ಇಡುವ ಬೆಸ್ಕಾಂ ನೆಟ್ ಮೀಟರ್. ವಾಸ್ತು ನೋಡಿ ನೀರಿನ ಟ್ಯಾಂಕ್ ನೈಋತ್ಯ ಮೂಲೆಯಲ್ಲಿ ಇಟ್ಟಿದ್ದಾರೆ. ಬೆಂಗಳೂರಲ್ಲಿ ಎಷ್ಟೋ ಮನೆಗಳದ್ದು ಇದೇ ಕಥೆ ಅಲ್ವಾ? ನವೆಂಬರ್ ಬಂತೆಂದರೆ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಮಧ್ಯಾಹ್ನ ಮೂರರ ಹೊತ್ತಿಗೆ ಟ್ಯಾಂಕಿನ ನೆರಳು ಎರಡು ಪ್ಯಾನೆಲ್ ಮೇಲೆ ಮಲಗುತ್ತದೆ.

ಹೀಗೆ ಒಂದಕ್ಕೊಂದು ವೈರ್ ಕೊಟ್ಟು ಸಾಲಿನಲ್ಲಿ (ಸೀರೀಸ್) ಜೋಡಿಸಿದ ಪ್ಯಾನೆಲ್‌ಗಳಲ್ಲಿ ಹರಿಯುವ ಕರೆಂಟ್ ಒಂದೇ. ಕಿರಿದಾದ ಗಲ್ಲಿಯಲ್ಲಿ ಮುಂದಿನ ಗಾಡಿ ನಿಧಾನವಾದರೆ ಹಿಂದಿನವೂ ನಿಧಾನ, ಹಾಗೆ. ನೆರಳಾದ ಭಾಗವನ್ನು ದಾಟಿಸಲು ಬೈಪಾಸ್ ಡಯೋಡ್ ಇರುತ್ತದೆ, ನಿಜ. ಆದರೆ ಆಗ ಯಾವ ವೋಲ್ಟೇಜಿಗೆ ಎಷ್ಟು ಪವರ್ ಎಂದು ತೋರಿಸುವ ಗ್ರಾಫಿನಲ್ಲಿ ಒಂದರ ಬದಲು ಎರಡು ಮೂರು ಗುಡ್ಡ ಏಳುತ್ತವೆ. ಇನ್ವರ್ಟರ್‌ನ ಎಂಪಿಪಿಟಿ, ಅಂದರೆ ಅತಿ ಹೆಚ್ಚು ಪವರ್ ಸಿಗುವ ಜಾಗ ಹುಡುಕುವ ಭಾಗ, ಚಿಕ್ಕ ಗುಡ್ಡ ಹತ್ತಿ ಅಲ್ಲೇ ನಿಂತುಬಿಡಬಹುದು. ನಮ್ಮದು ಹಾಗೇ ಆಗುತ್ತಿತ್ತು. ಒಳ್ಳೆ ಬಿಸಿಲಿದ್ದರೂ ಮೂರೂವರೆಗೆ ಆ್ಯಪ್‌ನಲ್ಲಿ 500 ವ್ಯಾಟ್!

ಎರಡು ಎಂಪಿಪಿಟಿ ಇರುವ ಇನ್ವರ್ಟರ್ ಹಾಕಿ ಆ ಎರಡು ಪ್ಯಾನೆಲ್ ಬೇರೆ ಮಾಡೋಣ ಅಂದುಕೊಂಡೆವು. ಎರಡೇ ಪ್ಯಾನೆಲ್‌ಗೆ ಸಿಗುವುದು 80 ವೋಲ್ಟ್ ಆಸುಪಾಸು, ನಾವು ನೋಡಿದ ಇನ್ವರ್ಟರ್ ಶುರುವಾಗಲು ಅದು ಸಾಲದು. ಕೊನೆಗೆ ನೆರಳು ಬೀಳುವ ಆ ಎರಡಕ್ಕೆ ಮಾತ್ರ ಆಪ್ಟಿಮೈಸರ್ ಹಾಕಿಸಿದೆವು. ಪ್ಯಾನೆಲ್ ಹಿಂದೆ ಕೂರುವ ಪುಟ್ಟ ಡಬ್ಬಿ ಅದು. ಆ ಪ್ಯಾನೆಲ್‌ನ ವೋಲ್ಟೇಜ್ ಇಳಿಸಿ, ಉಳಿದವುಗಳ ಕರೆಂಟಿಗೆ ಹೊಂದಿಸುತ್ತದೆ. ಈಗ ಅದೇ ಹೊತ್ತಿಗೆ ಸಾವಿರ ವ್ಯಾಟ್ ದಾಟುತ್ತದೆ. ನನಗಂತೂ ತುಂಬಾ ಖುಷಿಯಾಗಿದೆ.

ಒಬ್ಬ ಡೀಲರ್ ಆರಕ್ಕೂ ಹಾಕಿಸಿ ಎಂದು ಒತ್ತಾಯ ಮಾಡಿದ್ದರು. ನಮ್ಮ ತಾರಸಿಗೆ ಅದು ಸುಮ್ನೆ ದುಡ್ಡು ದಂಡ. ನೆರಳೇ ಇಲ್ಲದ ಹೊತ್ತಲ್ಲಿ, ಮೋಡ ಕವಿದ ದಿನ, ನಮಗೇನೂ ಜಾಸ್ತಿ ಸಿಗುತ್ತಿಲ್ಲ. ಏಪ್ರಿಲ್‌ನಲ್ಲಿ ಸೂರ್ಯ ನೆತ್ತಿಗೆ ಬಂದಾಗಲೂ ಅಷ್ಟೇ. ಬೆಸ್ಕಾಂ ಕರೆಂಟ್ ಹೋದರೆ ಮೊದಲಿನಂತೆಯೇ ಸೋಲಾರ್ ಸಹಿತ ಎಲ್ಲ ಬಂದ್; ನಮ್ಮ ಕರೆಂಟ್ ಲೈನಿಗೆ ಹರಿಯಬಾರದಲ್ಲ, ಲೈನ್‌ಮನ್ ಸುರಕ್ಷತೆಗೆ ಅದು ಹಾಗೇ ಇರಬೇಕು.

ಹಾಕಿಸುವವರಿಗೆ ಒಂದು ಮಾತು: ಡಬ್ಬಿ ಕೆಟ್ಟರೆ ಪ್ಯಾನೆಲ್ ಅಡಿಗೆ ಕೈ ಹೋಗಬೇಕು. ನಮ್ಮ ಸ್ಟ್ರಕ್ಚರ್ ಆಳೆತ್ತರ ಇದೆ, ಕೆಳಗೆ ನಿಂತೇ ಬಿಚ್ಚಬಹುದು. ತಗ್ಗಿನಲ್ಲಿ ಕೂರಿಸಿದ್ದರೆ ಮೊದಲು ಇದನ್ನು ಕೇಳಿಕೊಳ್ಳಿ.