ನನ್ನ ಕಾರ್ಬುರೇಟರನ್ನೇ ನನಗೆ 14,500ಕ್ಕೆ ಮಾರಿದರು! ಪದ್ಮಿನಿ ಇಟ್ಟುಕೊಂಡವರು ಓದಿ

ಬರೆಯಬೇಕೋ ಬೇಡವೋ ಅಂತ ಒಂದು ವಾರ ಸುಮ್ಮನಿದ್ದೆ. ನಾಚಿಕೆ. ಆದರೆ ಮೊನ್ನೆ ಗೆಳೆಯನೊಬ್ಬ ಅದೇ ಗ್ಯಾರೇಜಿಗೆ ತನ್ನ ಅಂಬಾಸಡರ್ ಬಿಡ್ತೀನಿ ಅಂದ. ಇನ್ನು ತಡೆಯಲು ಆಗಲಿಲ್ಲ.

ನನ್ನದು ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ, 1985ರ ಮಾಡೆಲ್. ಮೈಸೂರಿನೊಳಗೆ ಚೆನ್ನಾಗಿಯೇ ಓಡುತ್ತಿತ್ತು. ಚಾಮುಂಡಿ ಬೆಟ್ಟ ಹತ್ತಿಸಿದರೆ ಮಾತ್ರ ಅರ್ಧ ದಾರಿಗೆ ಮಿಸ್ಸಿಂಗ್ ಶುರು, ಎರಡು ಸಲ ಜಗ್ಗಿ ಆಫ್. ಕಾಲು ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ ಅನ್ನೋದು ನನಗೂ ಗೊತ್ತಿತ್ತು. ಎಲ್ಲಿ ನಿಲ್ಲುತ್ತಿದೆ ಅನ್ನೋದು ಗೊತ್ತಿರಲಿಲ್ಲ.

ಅಪ್ಪನ ಕಾಲದ ಮೆಕ್ಯಾನಿಕ್ ಇನ್ನೂ ಇದ್ದಾರೆ. ಅವರ ಶೆಡ್ಡಿಗೆ ಒಂದು ಬೋರ್ಡೂ ಇಲ್ಲ. ನಾನು ಹೋಗಿದ್ದು ಎಸಿ ರೂಮಿನಲ್ಲಿ ಕೂರಿಸಿ ಕಾಫಿ ಕೊಡುವ ಜಾಗಕ್ಕೆ. ಅಲ್ಲೇ ನನ್ನ ಮೊದಲ ತಪ್ಪು.

ಅಲ್ಲಿನವರು ಬಾನೆಟ್ ಎತ್ತಿ ಎರಡು ನಿಮಿಷ ನೋಡಿದರು. "ಕಾರ್ಬುರೇಟರ್ ಹೋಗಿದೆ ಸಾರ್. ರಿಪೇರಿ ಆಗಲ್ಲ, ಹೊಸದೇ ಹಾಕ್ಬೇಕು." ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು. ಪಂಪಿನ ಪೈಪ್ ಬಿಚ್ಚಿ ಪೆಟ್ರೋಲ್ ಚಿಮ್ಮುತ್ತಾ ಅಂತ ನೋಡಲಿಲ್ಲ. ಫ್ಲೋಟ್ ಚೇಂಬರಿನಲ್ಲಿ (ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಪೆಟ್ರೋಲ್ ಇದೆಯಾ ಅಂತ ತೆಗೆದು ನೋಡಲಿಲ್ಲ. ಗಾಡಿ ಆಫ್ ಆದ ತಕ್ಷಣ ಅದು ಖಾಲಿಯಿದ್ದರೆ ತೊಂದರೆ ಅದಕ್ಕೂ ಹಿಂದೆ, ಪಂಪು ಟ್ಯಾಂಕಿನ ಕಡೆಯಿಂದ ಬರುತ್ತಿದೆ ಅಂತ ಅರ್ಥ. ಈಗ ಗೊತ್ತು. ಆಗ ನಾನು ತಲೆ ಆಡಿಸಿದೆ.

"ಬಾಂಬೆಯಲ್ಲಿ ಪದ್ಮಿನಿ ಟ್ಯಾಕ್ಸಿ ನಿಂತೋಯ್ತಲ್ಲ ಸಾರ್, ಸ್ಪೇರ್ ಎಲ್ಲಿ ಸಿಗತ್ತೆ? ಬೆಂಗಳೂರು ಜೆ.ಸಿ. ರೋಡಲ್ಲೂ ಇಲ್ಲ. ನಮ್ಮ ಹತ್ರ ಒಂದೇ ಒಂದು ಒರಿಜಿನಲ್ ಸೋಲೆಕ್ಸ್ ಕಾರ್ಬುರೇಟರ್ ಇದೆ." ಟ್ಯಾಕ್ಸಿ ವಿಷಯ ನಿಜ, 2023ರಲ್ಲಿ ನಿಂತಿತು. ಒಂದು ನಿಜ ಹೇಳಿದರೆ ಉಳಿದದ್ದೂ ನಿಜ ಅಂದುಕೊಳ್ಳುತ್ತೇವೆ, ಅಲ್ವಾ? 14,500 ಕೊಟ್ಟೆ. ಬಿಲ್ ಇಲ್ಲ. ಹಳೇದು ಕೊಡಿ ಅಂದೆ. "ಅಯ್ಯೋ, ಅದನ್ನ ಗುಜರಿಗೆ ಹಾಕಿಬಿಟ್ವಿ ಸಾರ್. ಏನ್ ಮಾಡ್ತೀರ ಅದನ್ನ?" ನಕ್ಕರು. ನಾನೂ ನಕ್ಕೆ!

ಹೊಸ ಕಾರ್ಬುರೇಟರ್ ಫಳಫಳ ಅಂತಿತ್ತು. ಫೋಟೋ ತೆಗೆದು "ಅಪ್ಪನ ಕಾರಿಗೆ ಹೊಸ ಜೀವ" ಅಂತ ಸ್ಟೇಟಸ್ ಹಾಕಿದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮುಂದಿನ ಭಾನುವಾರ ಬೆಟ್ಟದಲ್ಲಿ ಅದೇ ಕಥೆ. ಅದೇ ತಿರುವು. ಫೋನ್ ಮಾಡಿದರೆ, "ವೇಪರ್ ಲಾಕ್ ಸಾರ್, ಬಿಸಿಗೆ ಪೆಟ್ರೋಲ್ ಆವಿ ಆಗತ್ತೆ. ಎಲೆಕ್ಟ್ರಿಕ್ ಪಂಪ್ ಹಾಕ್ಸಿ, 6,500." ಗಾಡಿ ನಿಂತಿದ್ದು ಬೆಳಿಗ್ಗೆ ಆರೂವರೆಗೆ, ಮಂಜು ಬೀಳುತ್ತಿತ್ತು. ಯಾವ ಬಿಸಿ?

ಆಮೇಲೆ ಬೋರ್ಡಿಲ್ಲದ ಶೆಡ್ಡಿಗೆ ಹೋದೆ. ಅವರು ಪಂಪಿನ ಪೈಪ್ ತಪ್ಪಿಸಿ, ಬಾನೆಟ್ ಪಕ್ಕದಲ್ಲಿ ಪೆಟ್ರೋಲ್ ಬಾಟಲ್ ಎತ್ತರಕ್ಕೆ ಕಟ್ಟಿ ನೇರ ಕಾರ್ಬುರೇಟರಿಗೆ ಪೈಪ್ ಕೊಟ್ಟರು. (ಇದನ್ನು ಮನೆಯಲ್ಲಿ ಮಾಡಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ.) ಗಾಡಿ ಒಂದು ಮಿಸ್ಸಿಂಗ್ ಇಲ್ಲದೆ ಬೆಟ್ಟ ಹತ್ತಿತು. ಅಂದರೆ ಕಾರ್ಬುರೇಟರ್ ಸರಿಯಾಗಿಯೇ ಇದೆ. ಗಾಡಿ ಕೆಳಗೆ ಮಲಗಿ ಒಂದು ಗೇಣುದ್ದದ ರಬ್ಬರ್ ಪೈಪ್ ಎಳೆದು ತಂದರು. ಟ್ಯಾಂಕಿನ ಲೈನಿನಿಂದ ಪಂಪಿಗೆ ಬರುವ ತುಂಡು. ಬಗ್ಗಿಸಿದರೆ ಸಣ್ಣ ಸಣ್ಣ ಸೀಳು. ಪಂಪ್ ಅಲ್ಲಿ ಪೆಟ್ರೋಲನ್ನು ಎಳೆಯುತ್ತದೆ. ಆದ್ದರಿಂದ ಒಂದು ಹನಿಯೂ ಹೊರಗೆ ಸೋರಿರಲಿಲ್ಲ, ಗಾಳಿ ಒಳಗೆ ಹೋಗುತ್ತಿತ್ತು. ಏರಿನಲ್ಲಿ ಎಂಜಿನ್ ಜಾಸ್ತಿ ಪೆಟ್ರೋಲ್ ಕೇಳಿದಾಗ ಸಾಲುತ್ತಿರಲಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇದೆ, ಹಳೇ ರಬ್ಬರ್ ತಡೆಯಲ್ಲ ಅಂದರು. ಪೈಪು, ಎರಡು ಕ್ಲಿಪ್ಪು, ಕೂಲಿ ಎಲ್ಲಾ ಸೇರಿ 350.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಲೂ ಇರಲಿಲ್ಲ. ಅವರು ಕಾರ್ಬುರೇಟರ್ ಕಡೆ ಬಗ್ಗಿ ನೋಡಿ ಕೇಳಿದರು: "ಇದಕ್ಕೆ ಯಾಕಪ್ಪಾ ಬಣ್ಣ ಹೊಡೆಸಿದೀಯ?"

ಹೊಸದು ಅಂದೆ.

ಅವರು ಚೋಕ್ ಲಿವರ್ ಮೇಲೆ ಉಗುರಿನಿಂದ ಕೆರೆದರು. ಕೆಳಗೆ ಹಿತ್ತಾಳೆ ಬೆಸುಗೆಯ ಗಂಟು. "ಇದು ಮುರಿದಾಗ ನಿಮ್ಮಪ್ಪ ಇಲ್ಲೇ ಕೂತಿದ್ರು. ನಾನೇ ಬೆಸುಗೆ ಹಾಕಿದ್ದು."

ನನ್ನದೇ ಕಾರ್ಬುರೇಟರ್. ತೊಳೆದು, ಬಣ್ಣ ಹೊಡೆದು, ನನ್ನದೇ ಕಾರ್ಬುರೇಟರನ್ನು ನನಗೇ ಮಾರಿದ್ದಾರೆ. ನನ್ನ ಸ್ಟೇಟಸ್ ಫೋಟೋ ದೊಡ್ಡದು ಮಾಡಿ ನೋಡಿದೆ. ಆ ಗಂಟು ಅದರಲ್ಲೂ ಕಾಣುತ್ತದೆ. ಇನ್ನೂರು ಜನ ನೋಡಿದ್ದಾರೆ, ನಾನೊಬ್ಬ ನೋಡಿರಲಿಲ್ಲ.

ಗ್ಯಾರೇಜಿಗೆ ಆ ಫೋಟೋ ಕಳಿಸಿದೆ. ಉತ್ತರ: "ಆ ಮಾಡೆಲ್‌ಗೆ ಹಂಗೇ ಬರೋದು ಸಾರ್." ಬೆಸುಗೆ ಸಮೇತ ಕಂಪನಿಯಿಂದಲೇ ಬರುತ್ತದಂತೆ! ಮತ್ತೆ ಕೇಳಿದೆ. "ಹುಡುಗರು ಕನ್‌ಫ್ಯೂಸ್ ಮಾಡ್ಕೊಂಡಿರ್ಬೇಕು, ಗಾಡಿ ತನ್ನಿ ನೋಡೋಣ." ದುಡ್ಡು ವಾಪಸ್ ಕೊಡಿ ಅಂದೆ. "ಗಾಡಿ ಓಡ್ತಿದೆ ತಾನೇ ಸಾರ್?" ಅದಾದ ಮೇಲೆ ಬರೀ ನೀಲಿ ಟಿಕ್.

ಬಿಚ್ಚುವ ಮೊದಲು ನಿಮ್ಮ ಪಾರ್ಟಿನ ಫೋಟೋ ತೆಗೆದುಕೊಳ್ಳಿ. ಹಳೇದು ಕೈಗೆ ಬರುವ ತನಕ ದುಡ್ಡು ಕೊಡಬೇಡಿ, ಗುಜರಿ ಗಿಜರಿ ಅಂದರೆ ಗುಜರಿಗೇ ನಡೀರಿ ಅನ್ನಿ. 350 ರೂಪಾಯಿಯ ಪೈಪ್ ಮೊದಲು ಬದಲಿಸಿ. ಕಾಫಿ ಕೊಟ್ಟರೆ ಕುಡಿಯಬೇಡಿ.

ಇವತ್ತು ಬೆಳಿಗ್ಗೆ ಆ ಗ್ಯಾರೇಜಿನಿಂದ ಮೆಸೇಜ್ ಬಂತು. ತೆಗೆದು ನೋಡಿದರೆ, ಆಯುಧಪೂಜೆ ಪ್ರಯುಕ್ತ ಹಳೇ ಗ್ರಾಹಕರಿಗೆ ಕಾರ್ಬುರೇಟರ್ ಸರ್ವಿಸ್ ಮೇಲೆ ಹತ್ತು ಪರ್ಸೆಂಟ್ ಕಡಿಮೆಯಂತೆ.