ಸೀಸರ್, ಬಾಣ, ಬೊಳ್ಳಿ: ಒಂದೇ ಅಂಗಳಕ್ಕೆ ಮೂರು ಕಾವಲು

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ಮಾರ್ಗ ಬಿಟ್ಟು ಒಂದು ಕಿಲೋಮೀಟರ್ ಒಳಗಿರುವ ಮನೆ. ಕೊಯ್ಲು ಶುರುವಾದ ಮೇಲೆ ಮಳೆಗಾಲದ ಬಾಗಿಲಿನವರೆಗೂ ಅಂಗಳದಲ್ಲಿ ಅಡಿಕೆ. ಚಾಲಿ, ಅಂದರೆ ಬಿಸಿಲಿಗೆ ಒಣಗಿದ ಹಣ್ಣಡಿಕೆ, ಆಗಬೇಕಾದರೆ 40–45 ದಿನದ ಬಿಸಿಲು ಬೇಕಷ್ಟೆ, ಅಷ್ಟೂ ದಿನ ರಾತ್ರಿ ಅದು ಅಲ್ಲೇ ಬಿದ್ದಿರುತ್ತದೆ. ಈಗಿನ ರೇಟಿನಲ್ಲಿ ಅಂಗಳಕ್ಕೆ ನೋಟು ಹರಡಿ ಮಲಗಿದ ಹಾಗೆ. ಮನೆಯಲ್ಲಿ ಇರುವುದು ಅಮ್ಮ ಮತ್ತು ನಾನು. ಹಾಗಾಗಿ ನಾಯಿ.

ಒಂಬತ್ತು ವರ್ಷದಲ್ಲಿ ಮೂರು ಸಾಕಿದೆ. ಮೊದಲನೆಯದು ಕಾಗದಪತ್ರ ಸಹಿತ ಬಂದ ಜರ್ಮನ್ ಶೆಫರ್ಡ್, ಸೀಸರ್. ಎರಡನೆಯದು ಮುಧೋಳ, ಬಾಣ. ಮೂರನೆಯದು ಊರ ನಾಯಿ, ಬೊಳ್ಳಿ. ಬಾಲದ ತುದಿ ಬಿಳಿ ಇದ್ದದ್ದಕ್ಕೆ ಕೆಲಸದವರು ತುಳುವಿನಲ್ಲಿ ಇಟ್ಟ ಹೆಸರು, ಅದೇ ನಿಂತಿತು. ನಾಯಿ ತರುವ ಮೊದಲು ಕೇಳಿದವರೆಲ್ಲ ಎರಡು ಮಾತು ಹೇಳಿದ್ದರು. ಒಂದು, ಸರಿಯಾಗಿ ಪಳಗಿಸಿದರೆ ಯಾವ ನಾಯಿಯೂ ಆದೀತು. ಇನ್ನೊಂದು, ಹುಟ್ಟುಗುಣ ಸುಟ್ಟರೂ ಹೋಗದು. ಎರಡಕ್ಕೂ ನಾನು ದುಡ್ಡು ಕೊಟ್ಟು ನೋಡಿದ್ದೇನೆ.

ಸೀಸರ್ ಬಂದದ್ದು 2016ರಲ್ಲಿ. ಮರಿ ಆರಿಸಲು ಹೋದಾಗ ಉಳಿದವು ನನ್ನ ಚಪ್ಪಲಿ ಕಚ್ಚುತ್ತಿದ್ದರೆ ಇವನೊಬ್ಬ ತಾಯಿಯ ಹಿಂದೆ ಮುದುರಿ ಕೂತಿದ್ದ. ‘ಪಾಪದ್ದು, ಹೇಳಿದ ಹಾಗೆ ಕೇಳೀತು’ ಅಂತ ಅದನ್ನೇ ಎತ್ತಿಕೊಂಡೆ. ಆರು ತಿಂಗಳಾದ ಮೇಲೆ ಮಂಗಳೂರಿನ ಕಡೆಯ ಒಬ್ಬ ತರಬೇತುದಾರರ ಹತ್ತಿರ ಮೂರು ತಿಂಗಳು ಬಿಟ್ಟೆ. ವಾಪಸು ಬಂದವನು ನೋಡುವುದಕ್ಕೆ ಪೊಲೀಸ್ ನಾಯಿಯೇ. ಸಿಟ್ ಅಂದರೆ ಕೂತ, ಸ್ಟೇ ಅಂದರೆ ನಾನು ತೋಟದ ಕೆಳಗಿನ ತಡಮೆ ದಾಟಿ ಬರುವವರೆಗೂ ಅಲ್ಲಾಡಲಿಲ್ಲ. ಕೈಗೆ ದಪ್ಪ ತೋಳು ಕಟ್ಟಿಕೊಂಡು ಕೋಲು ಬೀಸಿದರೆ ಹಾರಿ ಕಚ್ಚುತ್ತಿದ್ದ. ನೆಂಟರೆದುರು ನಾನು ಅದನ್ನು ಮಾಡಿಸಿ ತೋರಿಸಿದ್ದೂ ಉಂಟು, ಈಗ ನೆನೆದರೆ ನಾಚಿಕೆ.

ತೊಂದರೆ ಎರಡು. ಸಣ್ಣದು ಭಾಷೆ. ಅವನು ಕಲಿತದ್ದು ಇಂಗ್ಲಿಷ್ ಆಜ್ಞೆ. ಅಮ್ಮನ ಬಾಯಲ್ಲಿ ಬರುವುದು ಹವ್ಯಕ, ಕೊಯ್ಲಿನವರದ್ದು ತುಳು, ಹಾಲಿನವನದ್ದು ಮಲಯಾಳ. ನಾನು ಮನೆಯಲ್ಲಿ ಇಲ್ಲದ ಹೊತ್ತಿಗೆ ಅವನು ಕಲಿತದ್ದೆಲ್ಲ ನನ್ನ ಜೊತೆ ಪೇಟೆಗೆ ಹೋಗಿರುತ್ತಿತ್ತು.

ದೊಡ್ಡದು ಅಡಿಕೆ ಹಾಳೆ, ಸೋಗೆಯ ಬುಡದ ಅಗಲ ಪೊರೆ. ನಡುರಾತ್ರಿ ತೋಟದಲ್ಲಿ ಹಾಳೆ ಬೀಳುವ ಸದ್ದು ಗೊತ್ತಿದ್ದವರಿಗೆ ಗೊತ್ತು: ಮೊದಲು ಮೇಲಿನಿಂದ ಒಂದು ಸರ್ ಅನ್ನುವುದು, ಮತ್ತೆ ಧಪ್. ಪ್ರತಿ ಧಪ್ಪಿಗೂ ಸೀಸರ್ ಬಾಲ ಹೊಟ್ಟೆಗೆ ಸೇರಿಸಿಕೊಂಡು ದನದ ಹಟ್ಟಿಯ ಗೋಡೆಗೆ ಒತ್ತಿ ನಿಲ್ಲುತ್ತಿದ್ದ, ಆಮೇಲೆ ಅರ್ಧ ಗಂಟೆ ಬೊಗಳುತ್ತಿದ್ದ. ರಾತ್ರಿಗೆ ಹತ್ತು ಹಾಳೆ ಬೀಳುವ ತೋಟ. ಹದಿನೈದು ದಿನದಲ್ಲಿ ಅವನ ಬೊಗಳು ನಮಗೆ ಮಳೆಯ ಸದ್ದಿನಂತಾಯಿತು, ಯಾರೂ ಎದ್ದು ನೋಡುತ್ತಿರಲಿಲ್ಲ. ಎಲ್ಲದಕ್ಕೂ ಬೊಗಳುವ ನಾಯಿ ಏನೂ ಬೊಗಳದ ನಾಯಿಗೆ ಸಮ.

ಎರಡನೇ ವರ್ಷದ ಕೊಯ್ಲಿನಲ್ಲಿ ಅನಾಹುತವೂ ಆಯಿತು. ಅವನಿಗೆ ಚೆನ್ನಾಗಿ ಗುರುತಿದ್ದ ಕೊಯ್ಲಿನವರು, ಎಷ್ಟೋ ಸಲ ಕೈಯಾರೆ ಮೀನು ಹಾಕಿದವರು, ಮರದಿಂದ ಇಳಿದು, ಮರ ಹತ್ತಲು ಕಾಲಿಗೆ ಹಾಕುವ ತಳೆ ಕಳಚುತ್ತಿದ್ದರು. ಗೊನೆ ಅವನ ಬೆನ್ನ ಹಿಂದೆ ಬಿತ್ತು. ಸೀಸರ್ ಗಿರ್ರನೆ ತಿರುಗಿ ಅವರ ಮೀನಖಂಡಕ್ಕೆ ಬಾಯಿ ಹಾಕಿದ, ಬಿಟ್ಟ, ಹಿಂದಕ್ಕೆ ಓಡಿದ, ದೂರ ನಿಂತು ಹಲ್ಲು ತೋರಿಸಿದ. ನಾನು ಕಂಡದ್ದು ಅವನ ಕಿವಿ. ಎರಡೂ ತಲೆಗೆ ಅಂಟಿಕೊಂಡಿದ್ದವು. ಅದು ಸಿಟ್ಟಲ್ಲ, ಹೆದರಿಕೆ. ಸಾಬೂನು ಹಾಕಿ ಓಡುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆದೆವು, ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಾಯಿಗೆ ಲಸಿಕೆ ಆಗಿದ್ದರೂ ಅವರಿಗೆ ಸೂಜಿ ತಪ್ಪಿಸಲಿಲ್ಲ, ಹೇಳಿದ ದಿನಕ್ಕೆ ಸರಿಯಾಗಿ ನಾನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆ. ಅವರು ಈಗಲೂ ನಮ್ಮಲ್ಲಿಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ‘ಸೀಸರೆ ಓಲು?’, ಸೀಸರ್ ಎಲ್ಲಿ ಅಂತಲೇ.

ತರಬೇತುದಾರರಿಗೆ ಫೋನ್ ಮಾಡಿದರೆ ‘ಇನ್ನೊಂದು ತಿಂಗಳು ಬಿಡಿ, ಗಟ್ಟಿ ಮಾಡಿಕೊಡುತ್ತೇನೆ’ ಅಂದರು. ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಜರ್ಮನ್ ಶೆಫರ್ಡ್ ಬೆಳೆಸಿದವರು, 1899ರಿಂದ ಈ ತಳಿಯನ್ನು ಕಟ್ಟಿದ ಫಾನ್ ಸ್ಟೆಫಾನಿಟ್ಸ್ ಮತ್ತು ಅವರ ಸಂಗಡಿಗರು, ಕಾವಲಿನ ಪರೀಕ್ಷೆ ಅಂತ ಶುರುಮಾಡಿದ್ದೇ ನಾಯಿಯ ಎದೆಗಾರಿಕೆ ಅಳೆಯಲಿಕ್ಕೆ. ವಾಸನೆ ಹಿಡಿದು ಹೋಗುವುದು, ಮಾತು ಕೇಳುವುದು, ಎದುರು ನಿಲ್ಲುವುದು ಮೂರನ್ನೂ ನೋಡುತ್ತಾರೆ, ಮತ್ತು ಕಚ್ಚಿದ್ದಕ್ಕಿಂತ ಬಿಡು ಅಂದಾಗ ಬಿಟ್ಟದ್ದಕ್ಕೆ ಬೆಲೆ. ಹೆದರುವ ನಾಯಿಯನ್ನು ಇನ್ನಷ್ಟು ಹೆದರಿಸಿ ಕಚ್ಚಲು ಕಲಿಸಿದರೆ ಅದು ಕಲಿಯುವುದು ಒಂದೇ ಪಾಠ, ಹೆದರಿಕೆ ಆದಾಗ ಕಚ್ಚು. ನನ್ನ ಸೀಸರ್ ಆ ಪಾಠದಲ್ಲಿ ಪೂರ್ತಿ ಅಂಕ ತೆಗೆದವನು. ಇಲ್ಲಿ ಅವನ ತಪ್ಪೇನೂ ಇಲ್ಲ. ಮುದುರಿ ಕೂತ ಮರಿಯನ್ನು ಆರಿಸಿದವನು ನಾನು.

ಬಾಣನ ಕಥೆ ಚಿಕ್ಕದು. ಮುಧೋಳದ ನಾಯಿ ಅಂದರೆ ಹೆಮ್ಮೆ, ಅಂಚೆಚೀಟಿಯ ಮೇಲೆ ಬಂದ ತಳಿ, ಸೇನೆಯೂ ಮೀರತ್‌ಗೆ ಒಯ್ದು ಪಳಗಿಸಿದ ತಳಿ. 2018ರಲ್ಲಿ ತಂದೆ. ನೋಡಲು ಎಂಥ ಚೆಂದ! ಆದರೆ ಅದು ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ, ಬಾಗಲಕೋಟೆಯ ಬಯಲಿನದು. ನಮ್ಮ ತೋಟದಲ್ಲಿ ಒಂಬತ್ತು ಅಡಿಗೊಂದು ಅಡಿಕೆ ಮರ, ನಡುವೆ ಬಾಳೆ, ಕೊಕ್ಕೊ, ಮರಕ್ಕೆ ಹಬ್ಬಿದ ಕರಿಮೆಣಸು. ಇಪ್ಪತ್ತು ಹೆಜ್ಜೆಯಾಚೆ ಏನೂ ಕಾಣುವುದಿಲ್ಲ. ಕಂಡದ್ದು ಓಡಿದರೆ ಬಾಣ ಓಡಿದ, ಅಷ್ಟೆ. ಓಡಿದ್ದು ನೆರೆಮನೆಯ ಹೇಂಟೆ ಅಂತ ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತಿತ್ತು. ಬೊಗಳಿದ್ದು ನನಗೆ ನೆನಪೇ ಇಲ್ಲ. ಗೇಟು ದಾಟಿ ಬಂದ ಮನುಷ್ಯ ನಡೆದು ಬಂದರೆ ಅವನ ಪಾಲಿಗೆ ಆತ ನೋಡುವ ವಸ್ತುವೇ ಅಲ್ಲ. ‘ಬಾ’ ಅನ್ನುವುದನ್ನು ಚೆನ್ನಾಗಿಯೇ ಕಲಿತಿದ್ದ, ಆದರೆ ಓಟ ಹಿಡಿದ ಮೇಲೆ ಕಿವಿ ಇರುತ್ತಿರಲಿಲ್ಲ. ಆಟಿ ತಿಂಗಳ ಮಳೆಗೆ ಆ ತೆಳು ಮೈ ಗಡಗಡ ನಡುಗುತ್ತಿತ್ತು, ಅಮ್ಮ ಹಳೇ ಶಾಲು ಸುತ್ತುತ್ತಿದ್ದರು.

ಒಂದು ರಾತ್ರಿ ಕಾಡುಹಂದಿಯ ಹಿಂದೆ ಬಿದ್ದು ತೊಡೆ ಸೀಳಿಸಿಕೊಂಡು ಬಂದ, ಹದಿನಾಲ್ಕು ಹೊಲಿಗೆ. ಹಂದಿ ಓಡಿಸಲು ನಾಯಿ ಸಾಕುವವರಿಗೆ ಹೇಳುತ್ತೇನೆ, ಸೋಲಾರ್ ಬೇಲಿ ಹಾಕಿ. ನಾಯಿಯನ್ನು ಹಂದಿಗೆ ಬಿಡುವುದು ಕಾವಲಲ್ಲ. ಬಾಣ ಈಗ ಹಾವೇರಿ ಕಡೆಯ ನೆಂಟರ ಜೋಳದ ಹೊಲದಲ್ಲಿ ಟ್ರ್ಯಾಕ್ಟರಿನ ಜೊತೆ ಓಡಿಕೊಂಡು ಸುಖವಾಗಿದ್ದಾನೆ. ತಳಿ ಕೆಟ್ಟದ್ದಲ್ಲ, ಊರು ತಪ್ಪಿದ್ದು.

ಬೊಳ್ಳಿಯನ್ನು ನಾನು ತಂದದ್ದಲ್ಲ. 2020ರ ಲಾಕ್‌ಡೌನು, ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮಂಗಳೂರಿಗೆ ಹೋಗುವ ದಾರಿ ಮುಚ್ಚಿದ ದಿನಗಳು. ನಮ್ಮ ಸೌದೆ ಕೊಟ್ಟಿಗೆಯಲ್ಲಿ ಒಂದು ನಾಯಿ ಐದು ಮರಿ ಹಾಕಿತ್ತು. ಏಳು ವಾರವಾದಾಗ ಒಂದು ಪರೀಕ್ಷೆ ಮಾಡಿದೆ, ಸೀಸರನಿಂದ ಕಲಿತ ಬುದ್ಧಿ. ಮರಿಗಳು ಜಗಲಿಯಲ್ಲಿ ಆಡುತ್ತಿದ್ದಾಗ ಹಿತ್ತಾಳೆ ಚೆಂಬೊಂದನ್ನು ಕಾವಿ ನೆಲಕ್ಕೆ ಠಣ್ಣೆಂದು ಬೀಳಿಸಿದೆ. ಐದೂ ಚೆದರಿದವು, ಅದು ಸಹಜವೇ. ನಾನು ನೋಡುತ್ತಿದ್ದದ್ದು ವಾಪಸು ಬರುವುದನ್ನು. ಒಂದು ಬರಲೇ ಇಲ್ಲ. ಎರಡು ದೂರದಿಂದ ಬೊಗಳಿದವು. ಒಂದಕ್ಕೆ ಚೆಂಬು ಮರೆತೇ ಹೋಯಿತು. ಬಾಲದ ತುದಿ ಬಿಳಿ ಇದ್ದದ್ದು ಹತ್ತು ಎಣಿಸುವುದರೊಳಗೆ ಕುತ್ತಿಗೆ ಉದ್ದ ಮಾಡಿ ಬಂತು, ಚೆಂಬನ್ನು ಮೂಸಿತು, ಮೂತಿಯಿಂದ ಒಮ್ಮೆ ಉರುಳಿಸಿತು.

ಅವಳಿಗೆ ತರಬೇತುದಾರರು ಸಿಗುವಂತಿರಲಿಲ್ಲ. ಅಮ್ಮನೇ ದೋಸೆಯ ಚೂರು ಹಿಡಿದುಕೊಂಡು ಕಲಿಸಿದರು. ಕಲಿಸಿದ್ದು ನಾಲ್ಕೇ: ಬಾ, ಕೂರು, ಬಿಡು, ಸಾಕು. ‘ಸಾಕು’ ಅಂದರೆ ಬೊಗಳಿದ್ದು ಸಾಕು, ನಾನು ನೋಡಿಕೊಳ್ಳುತ್ತೇನೆ ಅಂತ. ನನ್ನ ಪಾಲಿಗೆ ಇಡೀ ಕಾವಲಿನಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಮೂರು ವಾರದಿಂದ ಹನ್ನೆರಡು ವಾರದವರೆಗೆ ಮರಿ ಕಂಡದ್ದೇ ಅದಕ್ಕೆ ಲೋಕ ಅಂತ ಸ್ಕಾಟ್ ಮತ್ತು ಫುಲ್ಲರ್ ಎಂಬ ಅಮೆರಿಕದ ಸಂಶೋಧಕರು 1960ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ಬೊಳ್ಳಿ ಆ ವಾರಗಳಲ್ಲಿ ಕಂಡದ್ದು ಹಾಳೆ ಬೀಳುವುದು, ಅಡಿಕೆ ಸುಲಿಯುವವರು, ಕಾಸರಗೋಡು ಗಿಡ್ಡ ಹಸುಗಳ ಕಾಲು, ಮೂರು ಭಾಷೆಯ ಬೈಗುಳ. ಸೀಸರ್ ಆ ವಾರಗಳಲ್ಲಿ ಕಂಡದ್ದು ಸಿಮೆಂಟಿನ ಗೂಡು.

ಈಗ ಹೋಲಿಸಿ. ಹಾಳೆ ಬಿದ್ದರೆ ಬೊಳ್ಳಿ ಕಿವಿ ಸಹ ಎತ್ತುವುದಿಲ್ಲ. ಒಣಗಿದ ಸೋಗೆಯ ಮೇಲೆ ಕಾಲು ಇಟ್ಟ ಸದ್ದಾದರೆ, ಮನುಷ್ಯರದ್ದು ಬೇರೆ ಬೊಗಳು, ಹಂದಿಯದ್ದು ಬೇರೆ. ಮನುಷ್ಯರಿಗೆ ಬಿಟ್ಟು ಬಿಟ್ಟು ಮೂರು ಮೂರು, ಹಂದಿಗೆ ಉದ್ದಕ್ಕೆ ಒಂದೇ ಉಸಿರು. ಯಾರೂ ಕಲಿಸಿದ್ದಲ್ಲ. ಸೀಸರನ ಬೊಗಳಿಗೆ ಏಳದಿದ್ದ ಅಮ್ಮ ಇವಳ ಮೂರಕ್ಕೆ ಟಾರ್ಚ್ ಹಿಡಿದು ಏಳುತ್ತಾರೆ. ಬೊಗಳುವ ನಾಯಿ ಕಚ್ಚುವುದಿಲ್ಲ ಅಂತ ನಮ್ಮಲ್ಲಿ ಹಗುರ ಮಾಡಿ ಹೇಳುತ್ತಾರೆ. ಅಂಗಳದಲ್ಲಿ ಅಡಿಕೆ ಇಟ್ಟವನಿಗೆ ಬೇಕಾದದ್ದು ಕಚ್ಚುವುದಲ್ಲ, ಸರಿಯಾದ ಹೊತ್ತಿಗೆ ಬೊಗಳುವುದು.

ಮೈಗಾವಲು ಅನ್ನುವುದು ಬೇರೆಯೇ ಕೆಲಸ, ಅದನ್ನೂ ಒಮ್ಮೆ ಕಂಡೆ. ಎರಡು ವರ್ಷದ ಹಿಂದೆ, ಮುಸ್ಸಂಜೆ, ಹಳೇ ತಾಮ್ರದ ಪಾತ್ರೆ ಕೊಡುತ್ತೀರಾ ಅಂತ ಇಬ್ಬರು ಬಂದರು. ನಾನು ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ಬಾಯಿಯ ಹತ್ತಿರ ಪೈಪು ಸರಿಮಾಡುತ್ತಿದ್ದೆ. ಅಮ್ಮ ಇಲ್ಲ ಅಂದರೂ ಒಬ್ಬ ಮೆಟ್ಟಿಲು ಹತ್ತಿದ. ಸೀಸರ್ ಸರಪಳಿಯಲ್ಲಿ ಎಗರಿ ಎಗರಿ ಬೊಗಳುತ್ತಿದ್ದ. ಬೊಳ್ಳಿ ಬೊಗಳುವುದನ್ನು ನಿಲ್ಲಿಸಿದಳು. ಬಂದು ಅಮ್ಮನ ಮೊಣಕಾಲಿಗೆ ಪಕ್ಕೆ ತಾಗಿಸಿ, ಅಡ್ಡಕ್ಕೆ, ಬಾಗಿಲಿಗೆ ಅಡ್ಡ ಮರ ಹಾಕಿದಂತೆ ನಿಂತಳು. ಬಾಯಿ ಮುಚ್ಚಿತ್ತು, ಗಂಟಲಿನಿಂದ ಮಾತ್ರ ಗಾಣದ ಸದ್ದಿನ ಹಾಗೆ ಒಂದು ಗುರ್ರ್. ಆತ ಮೆಟ್ಟಿಲು ಇಳಿದ. ಇಬ್ಬರೂ ಗೇಟು ದಾಟುವವರೆಗೆ ಇವಳು ಹಿಂದೆ ಹೋದಳು, ಮುಟ್ಟಲಿಲ್ಲ. ಅಮ್ಮ ‘ಸಾಕು’ ಅಂದದ್ದಕ್ಕೆ ವಾಪಸು ಬಂದು ನೀರು ಕುಡಿದಳು. ಸೀಸರ್ ಬಿಟ್ಟಿದ್ದರೆ ಒಂದೋ ಕಚ್ಚಿ ಕೇಸಾಗುತ್ತಿತ್ತು, ಇಲ್ಲವೇ ಅವರು ಕೋಲೆತ್ತಿದ್ದರೆ ಹಟ್ಟಿಯ ಹಿಂದಕ್ಕೆ ಓಡುತ್ತಿದ್ದ. ಎರಡರಲ್ಲಿ ಯಾವುದು ಅಂತ ಮೊದಲೇ ಹೇಳಲಾಗದ್ದೇ ಅವನ ತೊಂದರೆ.

ಬೊಳ್ಳಿಗೂ ಆಗದ್ದು ಉಂಟು. ಹಸುಗಳ ಜೊತೆ ಗುಡ್ಡೆಗೆ ಹೋಗುತ್ತಾಳೆ, ಸಂಜೆ ಜೊತೆಗೇ ಬರುತ್ತಾಳೆ, ಆದರೆ ಮಂದೆ ಕಾಯುವ ನಾಯಿ ಅಲ್ಲ. ಹಿಮಾಲಯದ ಗದ್ದಿ ಕುರುಬರ ನಾಯಿಗಳು ಮರಿಯಿದ್ದಾಗಿನಿಂದ ಕುರಿಯ ನಡುವೆಯೇ ಬೆಳೆದು, ಕುತ್ತಿಗೆಗೆ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟಿಸಿಕೊಂಡು ಚಿರತೆಗೆ ಎದುರು ನಿಲ್ಲುತ್ತವೆ. ಆ ಗಾತ್ರವೂ ಇವಳಿಗಿಲ್ಲ, ಆ ಕೆಲಸವೂ. ಮುಳ್ಳೇರಿಯ, ಕಾರಡ್ಕ ಕಡೆಯಿಂದ ಚಿರತೆಯ ಸುದ್ದಿ ಬರಲು ಶುರುವಾದ ಮೇಲೆ ಕತ್ತಲಾದರೆ ಅವಳನ್ನು ಒಳಗಿನ ಜಗಲಿಗೆ ಕರೆದುಕೊಳ್ಳುತ್ತೇವೆ. ಬೊಗಳು ಅಲ್ಲಿಂದಲೂ ಕೇಳುತ್ತದೆ. ಮಂಗಗಳಿಗಂತೂ ಮೂರೂ ನಾಯಿ ಸಮಾನ ಸೋಲು, ಅವು ಮೇಲಿನಿಂದ ಎಳನೀರು ಬೀಳಿಸಿ ಇವರನ್ನೇ ಓಡಿಸುತ್ತವೆ.

ಇಷ್ಟು ಹೇಳಿದ್ದಕ್ಕೆ ಊರ ನಾಯಿ ಮೇಲು, ತಳಿಯ ನಾಯಿ ಕೀಳು ಅಂತ ತಿಳಿಯಬೇಡಿ. 2022ರಲ್ಲಿ ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರನ್ನೇ ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿ ಓದಿ ನೋಡಿದರು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ. ಹೇಳಿದ ಮಾತು ಕೇಳುವ ಗುಣಕ್ಕೆ ತಳಿಯ ನಂಟು ತುಸು ಹೆಚ್ಚು; ಕೆಣಕಿದರೆ ಎಷ್ಟು ಬೇಗ ರೇಗುತ್ತದೆ ಅನ್ನುವುದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಸೀಸರ್ ಸ್ಟೇ ಅಂದಲ್ಲಿ ಕಲ್ಲಾದದ್ದೂ, ಗೊನೆ ಬಿದ್ದಾಗ ಕಚ್ಚಿದ್ದೂ ನನಗೆ ಆಗ ಬೇರೆ ಬೇರೆ ಅಂತ ಅರ್ಥವಾಯಿತು. ಮೊದಲನೆಯದಕ್ಕೆ ಅವನ ಕುಲಕ್ಕೆ ಸ್ವಲ್ಪ ಥ್ಯಾಂಕ್ಸ್ ಹೇಳಬಹುದು. ಎರಡನೆಯದು ಅವನೊಬ್ಬನದೇ, ಮತ್ತು ನನ್ನದು.

ಸೀಸರನಿಗೆ ಈಗ ಒಂಬತ್ತು. ಸೊಂಟ ಹಿಡಿದಿದೆ, ಕೋಲು ತೋರಿಸುವ ಆಟ ಎಲ್ಲ ಯಾವಾಗಲೋ ನಿಲ್ಲಿಸಿದ್ದೇವೆ. ಇತ್ತೀಚೆಗೆ ಹಾಳೆ ಬಿದ್ದರೆ ಅವನು ಮೊದಲು ಬೊಳ್ಳಿಯ ಕಡೆ ನೋಡುತ್ತಾನೆ. ಅವಳು ಮಲಗಿಯೇ ಇದ್ದರೆ ಇವನೂ ತಲೆ ಕೆಳಗಿಡುತ್ತಾನೆ. ನಾವು ಮೂರು ತಿಂಗಳ ಫೀಸು ಕೊಟ್ಟು ಮಾಡಿಸಲಾಗದ್ದನ್ನು ಆಕೆ ಮಾಡಿಸಿದ್ದು.

ಬೊಳ್ಳಿ ಹೋದ ಚಳಿಗಾಲ ನಾಲ್ಕು ಮರಿ ಹಾಕಿದಳು. ಒಂದೇ ಸೂಲು ಸಾಕು ಅಂತ ಆಮೇಲೆ ಆಪರೇಷನ್ ಮಾಡಿಸಿದೆವು. ಏಳು ವಾರಕ್ಕೆ ಅದೇ ಚೆಂಬು ಬೀಳಿಸಿ ನೋಡಿದೆ. ನೀರ್ಚಾಲಿನಿಂದ ಪರಿಚಯದವರೊಬ್ಬರು ತೋಟ ಕಾಯಲು ಮರಿ ಬೇಕು ಅಂತ ಬಂದಾಗ ಮೂಸಲು ಬಂದ ಬಡಕಲು ಹೆಣ್ಣನ್ನು ತೋರಿಸಿದೆ. ಅವರ ಕಣ್ಣು ಬೊಳ್ಳಿಯ ಹಿಂದೆ ಮುದುರಿ ಕೂತಿದ್ದ ಗುಂಡು ಗಂಡಿನ ಮೇಲಿತ್ತು. ‘ಇದು ಪಾಪದ್ದು ಮಾರಾಯ್ರೆ, ಹೇಳಿದ ಹಾಗೆ ಕೇಳೀತು’ ಅಂದರು. ನಾನು ಸೀಸರನ ಕಥೆ ಇಡೀ ಹೇಳಿದೆ, ಚಾ ತಣಿಯುವವರೆಗೆ. ಅವರು ಎಲ್ಲಕ್ಕೂ ಹೌದು ಹೌದು ಅಂದು, ಗುಂಡು ಮರಿಯನ್ನೇ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋದರು.